ಸುಜಾತಾಳ ಮೊಸರು

ಕಮಲಾಪುರದ ಅಂಗನವಾಡಿಯ ಪಂಚಶೀಲಾ ಟೀಚರ್ ಅಂದರೆ ತಾಯಂದಿರಿಗೆ ಒಳಗೊಳಗೇ ಅಂಜಿಕೆ. ತಿಂಗಳಿಗೊಮ್ಮೆ ಜಂತಿಗೆ ಮುಳ್ಳಿನ ತಕ್ಕಡಿ ತೂಗುಹಾಕಿ, ಮಕ್ಕಳನ್ನು ಒಬ್ಬೊಬ್ಬರಾಗಿ ಚಡ್ಡಿಚೀಲದಲ್ಲಿ ಕೂಡಿಸಿ ತೂಗುವಾಕೆ ಅವಳು. ಮುಳ್ಳು ಹೋದ ತಿಂಗಳಿಗಿಂತ ಹಿಂದೆ ನಿಂತಿತೋ, ಮುಗಿಯಿತು. "ಏನವಾ, ಕೂಸಿನ ಹೊಟ್ಟಿಗಿ ಹಾಕ್ತೀಯೋ, ಬರೇ ಮೊಬೈಲ್ ತೋರಸ್ತೀಯೋ?" ಎಂದು ನಾಲ್ಕು ಜನರ ಎದುರಿಗೇ ಕೇಳಿಬಿಡುವಳು. ಅಂಥವಳು ತನ್ನ ಮಗಳನ್ನು ಮಾತ್ರ ಮೂರು ತಿಂಗಳು ತೂಗಲಿಲ್ಲ. ಮರೆತಿರಲಿಲ್ಲ, ಹೆದರಿದ್ದಳು.

ಮಗಳು ಸುಜಾತಾಳಿಗೆ ಐದು ತುಂಬುತ್ತ ಬಂದಿತ್ತು. ಮಾತಿಲ್ಲ. ಆಟಿಸಂ ಎಂದು ಕಲಬುರಗಿಯ ಮಕ್ಕಳ ಡಾಕ್ಟರಮ್ಮ ಎರಡು ವರ್ಷದ ಹಿಂದೆಯೇ ಹೇಳಿ, ಮಾತು ಕಲಿಸುವವರ ಹತ್ತಿರ ಕಳಿಸಿದ್ದರು. ಅಲ್ಲಿ ಎಲ್ಲವೂ ನಿಧಾನ. ಆದರೂ ಹುಡುಗಿಯ ಹತ್ತಿರ ಅವಳದೇ ಆದ ಒಂದು ಮಾತಿತ್ತು. ಹಸಿವಾದರೆ ಅವ್ವನ ಹೆಬ್ಬೆರಳು ಹಿಡಿದು ದರದರ ಎಳೆದೊಯ್ದು, ಅಡುಗೆಮನೆ ಮೂಲೆಯ ಮೊಸರ ಗಡಿಗೆಯ ಮೇಲೆ ಆ ಕೈಯನ್ನು ಇಟ್ಟುಬಿಡುವಳು. ಮೊಸರು, ಅದರಲ್ಲಿ ಕಿವುಚಿದ ಚಪಾತಿ, ಮೇಲೊಂದು ಕಮಲಾಪುರದ ಕೆಂಪು ಬಾಳೆಹಣ್ಣು. ಅವಳು ಬಾಯಿಗಿಡುತ್ತಿದ್ದುದು ಈ ಮೂರನ್ನೇ. ರೊಟ್ಟಿ ಮುಟ್ಟುತ್ತಿರಲಿಲ್ಲ, ಅನ್ನ ಕಂಡರೆ ಕಿರುಚುತ್ತಿದ್ದಳು.

ಗಂಡ ಸಾಯಿಕುಮಾರ ಕೋಟನೂರಿನ ಗ್ಯಾರೇಜಿನಲ್ಲಿ ಕೆಲಸಗಾರ. ಪಥ್ಯ ಮಾಡಿಸಿದರೆ ಇಂಥ ಮಕ್ಕಳಿಗೆ ಮಾತು ಬರುತ್ತದೆಂಬ ಒಂದು ವಿಡಿಯೋವನ್ನು ಊಟದ ಬಿಡುವಿನಲ್ಲಿ ಫೋನಿನಲ್ಲಿ ನೋಡಿದ. ಮರುವಾರವೇ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಒಂದು ಮಹಡಿ ಹತ್ತಿಸಿದ. ಅಲ್ಲಿ ದೇವಾನಂದ ಎಂಬ ಆಹಾರ ಸಲಹೆಗಾರ ಬಿಳಿ ಕೋಟು ಹಾಕಿಕೊಂಡು ಕೂತಿದ್ದ. ಹುಡುಗಿಯ ಮುಖವನ್ನೂ ಸರಿಯಾಗಿ ನೋಡಲಿಲ್ಲ ಪುಣ್ಯಾತ್ಮ. "ಗೋಧಿ ಬಂದ್. ಹಾಲು, ಮೊಸರು ಬಂದ್. ಬಾಳೆಹಣ್ಣೂ ಬಂದ್. ಹೊಟ್ಟಿ ಶುದ್ಧ ಆದ್ರ ಮೆದುಳು ತೆರೀತದ, ಮಾತು ತಾನೇ ಬರ್ತದ," ಅಂದ.

ಪಂಚಶೀಲಾ ಇನ್ನೂ ಅನುಮಾನದಲ್ಲಿದ್ದಾಗಲೇ ಅತ್ತೆ ಕಸ್ತೂರಿಬಾಯಿ ಒಪ್ಪಿಬಿಟ್ಟಿದ್ದಳು. ಆಕೆಗೆ ಆಟಿಸಂ ತಿಳಿಯದು, ಪಥ್ಯ ತಿಳಿಯುತ್ತದೆ. ಪಥ್ಯಕ್ಕೆ ಆಕೆ ಅನ್ನುವುದು ಪರೇಜ. ಬಾಣಂತಿಗೆ ಪರೇಜ, ಕಾಮಾಲೆಗೆ ಪರೇಜ. ಒಬ್ಬರ ಪರೇಜೆಂದರೆ ಆ ಮನೆಯಲ್ಲಿ ಎಲ್ಲರದೂ. ವಾಸನೆ ಬಡಿದರೂ ಪರೇಜ ಮುರಿಯಿತೆಂದೇ ಲೆಕ್ಕ. ಅಂದೇ ಸಂಜೆ ಮೊಸರ ಗಡಿಗೆ ತೊಳೆದು ಅಟ್ಟಕ್ಕೇರಿಸಿದಳು. ಹೆಪ್ಪನ್ನು ಮಾತ್ರ ಬಟ್ಟಲಿಗೆ ಬಗ್ಗಿಸಿ ಪಕ್ಕದ ಮನೆಯ ನಜ್ಮಾಳ ಕೈಗಿತ್ತಳು. "ನಮ್ಮತ್ತಿ ಕಾಲದ ಹೆಪ್ಪು ಅದ, ಸಾಯಬಾರದು. ಇಟ್ಕೋ."

ನಾಲ್ಕು ದಿನ ಸುಜಾತಾ ಅವ್ವನ ಹೆಬ್ಬೆರಳು ಹಿಡಿದು ಎಳೆದಳು. ಖಾಲಿ ಮೂಲೆಯ ಮೇಲೆ ಕೈ ಇಟ್ಟಳು. ಅತ್ತಳು, ಗೋಡೆಗೆ ಹಣೆ ಬಡಿದುಕೊಂಡಳು. ಐದನೆಯ ದಿನ ಎಳೆಯಲೇ ಇಲ್ಲ.

ಆಮೇಲೆ ಅವಳು ತಿಂದದ್ದು ದಿನಕ್ಕೆರಡು ಹಿಡಿ ಚುರುಮರಿ. ಪಂಚಶೀಲಾ ಫೋನು ಮಾಡಿದಾಗಲೆಲ್ಲ ದೇವಾನಂದನದು ಒಂದೇ ಹಾಡು. "ಹಸಿದ್ರ ತಾನೇ ತಿಂತಾಳ್ರೀ. ಈಗ ಬಿಟ್ರ ಮಾತು ಬರಾಂಗಿಲ್ಲ, ಆ ಪಾಪ ನಿಮಗೇ." ಮಾತು ಬರದ ಮಗುವಿನ ತಾಯಿಗೆ ಹೀಗೆ ಹೇಳಿದರೆ ಅವಳು ಏನು ಮಾಡಿಯಾಳು? ಹಲ್ಲು ಕಚ್ಚಿ ಮೂರು ತಿಂಗಳು ದೂಡಿದಳು.

ಒಂದು ಶನಿವಾರ ಅವನೇ ಫೋನು ಮಾಡಿದ. ನಾಳೆ ಪಾಲಕರ ಸಭೆ ಇದೆ, ಕಟ್ಟುನಿಟ್ಟಿನ ತಾಯಿಯೆಂದು ನೀವೇ ನಾಲ್ಕು ಮಾತಾಡಬೇಕು ಅಂದ. ಅಂದು ಅಂಗನವಾಡಿಯಲ್ಲಿ ತೂಕದ ದಿನ. ಊರ ಮಕ್ಕಳೆಲ್ಲ ಹೋದ ಮೇಲೆ ಪಂಚಶೀಲಾ ಬಾಗಿಲು ಮುಂದೆ ಮಾಡಿ ಸುಜಾತಾಳನ್ನು ಚಡ್ಡಿಚೀಲದಲ್ಲಿ ಕೂಡಿಸಿದಳು. ಹದಿನೈದೂವರೆ ಕೆಜಿ ಇದ್ದ ಹುಡುಗಿ ಹದಿಮೂರಕ್ಕೆ ನಿಂತಿದ್ದಳು. ಕಾರ್ಡಿನ ಹಸಿರು ಪಟ್ಟಿಯಲ್ಲಿದ್ದ ಚುಕ್ಕೆಯನ್ನು ಟೀಚರ್ ತನ್ನ ಕೈಯಾರೆ ಕಡಿಮೆ ತೂಕದ ಹಳದಿಗೆ ಇಳಿಸಿದಳು. ಊರಿಗೆ ಉಪಕಾರಿ, ಮನೆಗೆ ಮಾರಿ! ತನ್ನ ಮೇಲೆ ಬಂದ ಸಿಟ್ಟು ತಿರುಗಿ ಐವಾನ್-ಎ-ಶಾಹಿಯ ಆ ಮಹಡಿಯ ಕಡೆ ಹೊರಟಿತು. ತಕ್ಕಡಿಯನ್ನು ಚಡ್ಡಿಚೀಲದ ಸಮೇತ ಜಂತಿಯಿಂದ ಬಿಚ್ಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮರುದಿನ ಗಂಡ, ಅತ್ತೆಯೂ ಜೊತೆಗೆ ಬಂದರು; ಸಭೆಯಲ್ಲಿ ಇಪ್ಪತ್ತು ಮಂದಿ ಪಾಲಕರಿದ್ದರು. ದೇವಾನಂದ ಮೈಕಿನಲ್ಲಿ ಹೊಗಳಿದ್ದೇ ಹೊಗಳಿದ್ದು. "ಮೂರು ತಿಂಗಳದಾಗ ಈ ತಾಯಿ ಒಂದು ಚಮಚಾ ಮೊಸರು ಕೊಟ್ಟಿಲ್ರೀ!" ಚಪ್ಪಾಳೆ ಬಿತ್ತು. ಪಂಚಶೀಲಾ ಎದ್ದಳು, ಮೈಕಿನ ಹತ್ತಿರ ಹೋಗಲಿಲ್ಲ. ಕಿಟಕಿಯ ಸರಳಿಗೆ ತಕ್ಕಡಿ ತೂಗುಹಾಕಿ ಮಗಳನ್ನು ಕೂಡಿಸಿದಳು.

"ಸರ್, ಎಷ್ಟದ, ಓದ್ರಿ."

"ಇದೇನ್ ಮೇಡಂ, ಸಭಾದಾಗ..."

"ಓದ್ರಿ ಅಂದ್ರ ಓದ್ರಿ!"

ಅವಳೇ ಓದಿದಳು. "ಹದಿಮೂರು. ನಿಮ್ಮ ಹತ್ರ ಬರೋ ಮೊದಲು ಹದಿನೈದೂವರಿ. ನಾ ತಿಂಗಳಿಗೊಮ್ಮಿ ಊರ ಮಕ್ಕಳ ತೂಗಾಕಿ. ನನ್ನ ಕೈಯಾಗಿನ ಕೂಸು ಕರಗೂದು ಕಾಣಲಾರದಂಗ ನನ್ನ ಕಣ್ಣಿಗಿ ಮಾತಿನ ಆಸೆ ಕಟ್ಟಿದ್ರಿ."

"ಶುರುವಿನಾಗ ತೂಕ ಇಳೀತದ್ರೀ. ಅದು ಶುದ್ಧಿ ಆಗಾಕತ್ತದ."

"ನನ್ನ ಮಗಳು ಹೊಲಸಿರಲಿಲ್ಲ, ಶುದ್ಧಿ ಮಾಡಾಕ! ಮೊಸರು ಬಿಟ್ರ ಮಾತು ಬರ್ತದಂತ ಯಾವ ಡಾಕ್ಟರ ಪರೀಕ್ಷಾ ಮಾಡಿ ಹೇಳ್ಯಾರ? ಕಾಗದ ತೋರಸ್ರಿ." ದೇವಾನಂದ ಪಾಲಕರ ಅನುಭವ ಅಂದ, ನಂಬಿಕೆ ಅಂದ. ಕಾಗದ ಬರಲಿಲ್ಲ. "ಮಾತು ಕೊಡ್ತೀನಂತ ಹೇಳಿ, ಇದ್ದ ಒಂದು ಮಾತೂ ಕಸ್ಕೊಂಡ್ರಿ. ಹಸಿವಾದ್ರ ನನ್ನ ಕೈ ಹಿಡಿದು ಎಳೀತಿದ್ದಳು. ಈಗ ಅದೂ ಇಲ್ಲ."

ಸಾಯಿಕುಮಾರ ಮಗಳನ್ನು ಚಡ್ಡಿಚೀಲದಿಂದ ಎತ್ತಿಕೊಂಡು ಕೂತ. ಎದ್ದವಳು ಕಸ್ತೂರಿಬಾಯಿ. ಸೊಸೆಯನ್ನು ಗದರಿಸುತ್ತಾಳೆಂದು ದೇವಾನಂದನಿಗೆ ಒಂದು ಗಳಿಗೆ ಜೀವ ಬಂತು.

"ಏಯ್ ತಮ್ಮಾ," ಅಂದಳು ಮುದುಕಿ. "ಈ ಕೂಸಿಗಿ ಹೆಸರಿಟ್ಟಾಕಿ ನಾನು. ಉಪವಾಸ ಕುಂತು ಎಲುಬಾಗಿದ್ದ ಭಗವಾನ್ ಬುದ್ಧಗ ಹಾಲಿನ ಖೀರು ಉಣಿಸಿದಾಕಿ ಸುಜಾತಾ. ಅವನಿಗೇ ಹೊಟ್ಟಿ ಒಣಗಿಸಿದ್ರ ಜ್ಞಾನ ಬರಲಿಲ್ಲ, ನನ್ನ ಮೊಮ್ಮಗಳಿಗಿ ಬರ್ತದೇನು? ಪರೇಜ ಬ್ಯಾನಿಗಿ ಇರ್ತದ. ನಾ ಮಳ್ಳಿ, ಹಸಿವಿಗೇ ಪರೇಜ ಮಾಡಿಸಿದೆ." ಹೇಳುತ್ತ ಹೇಳುತ್ತ ಅತ್ತುಬಿಟ್ಟಳು.

ಹೊರಡುವಾಗ ಹಿಂದಿನ ಸಾಲಿನಿಂದ ಅಮೀರ್ ಎಂಬುವವನು ಮಗನನ್ನು ಎತ್ತಿಕೊಂಡು ಬಂದ. "ಟೀಚರ್, ನಮ್ ಹುಡುಗನ್ನೂ ಒಮ್ಮೆ ತೂಗ್ರೀ." ತೂಗಿ, ಅಂಕಿಯನ್ನು ಅವನ ಅಂಗೈ ಮೇಲೆ ಬರೆದುಕೊಟ್ಟಳು. ನಾಳೆಯೇ ಮಕ್ಕಳ ಡಾಕ್ಟರಿಗೆ ತೋರಿಸು ಅಂದಳು.

ಸ್ಟೇಶನ್ ಬಜಾರದಲ್ಲಿ ಸಾಯಿಕುಮಾರ ಓಡಿಹೋಗಿ ಪಾಕೀಟು ಮೊಸರು, ಬಾಳೆಹಣ್ಣು ತಂದ. ಸುಜಾತಾ ಮೊಸರನ್ನು ಮೂಸಿ ಮುಖ ತಿರುವಿದಳು. ಹಣ್ಣನ್ನೂ ದೂಡಿದಳು. ಮಹಡಿ ಮೇಲೆ ಗುಡುಗಿ ಬಂದದ್ದೆಲ್ಲ ಸರಿ, ಈ ಹುಡುಗಿ ತಿನ್ನುವುದನ್ನೇ ಮರೆತಿದ್ದರೆ?

"ಮಾತೂ ಇಲ್ಲ, ಮೊಸರೂ ಇಲ್ಲ. ಎರಡೂ ಹೋದ್ವು," ಅಂದ ಸಾಯಿಕುಮಾರ.

"ಹೋಗಿಲ್ಲ. ಬಾಯಿ ಮುಚ್ಚು," ಅಂದಳು ಅವನ ತಾಯಿ. ಕಮಲಾಪುರದಲ್ಲಿ ಬಸ್ಸಿಳಿದವಳೇ ನೆಟ್ಟಗೆ ನಜ್ಮಾಳ ಬಾಗಿಲಿಗೆ ಹೋದಳು. ನಜ್ಮಾ ಬಟ್ಟಲು ತಂದಳು. "ನಿಮ್ ಅಮಾನತ್ ಅದ ಚಾಚೀ, ನಂಬಿ ಕೊಟ್ಟದ್ದು. ದಿನಾ ಹೆಪ್ಪು ಹಾಕೀನಿ, ಒಂದಿನಾನೂ ತಪ್ಪಿಸಿಲ್ಲ." ಸಂಜೆ ಅಟ್ಟದಿಂದ ಗಡಿಗೆ ಇಳಿಯಿತು. ಹಾಲು ಕಾಯಿತು, ಹೆಪ್ಪು ಬಿತ್ತು, ಗಡಿಗೆ ತನ್ನ ಮೂಲೆಗೆ ಹೋಗಿ ಕೂತಿತು.

ಬೆಳಿಗ್ಗೆ ಪಂಚಶೀಲಾ ಚಪಾತಿ ಲಟ್ಟಿಸುತ್ತಿದ್ದಳು. ಮಗಳನ್ನು ಕರೆಯಬಾರದೆಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ಎರಡು ಚಪಾತಿ ಬೆಂದವು. ಮೂರನೆಯದರ ಹಿಟ್ಟಿಗೆ ಕೈ ಹಾಕಿದಾಗ ಸಣ್ಣ ಬೆರಳುಗಳು ಬಂದು ಅವಳ ಹೆಬ್ಬೆರಳನ್ನು ಹಿಡಿದವು. ಎಳೆದವು. ಹಿಟ್ಟು ಮೆತ್ತಿದ ಕೈಯನ್ನು ಸುಜಾತಾ ಮೂಲೆಯ ಗಡಿಗೆಯ ಮೇಲೆ ಇಟ್ಟಳು.

"ಕೇಳಿಸ್ತೇನ್ರೀ?" ಪಂಚಶೀಲಾ ಹೊರಕೋಣೆಗೆ ಕೇಳುವಂತೆ ಕೂಗಿದಳು. "ನಿಮ್ಮ ಮಗಳು ಮಾತಾಡಾಕತ್ತಾಳ. ಬಟ್ಟಲು ತಗೊಂಡು ಬರ್ರಿ, ದೊಡ್ಡದು!"