ಮರೆಯದ ಡಬ್ಬಿ

ಕುರಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಅಂತಾರೆ. ಸುಳ್ಳು. ನಮ್ಮಣ್ಣ ಸಂಗಮೇಶ್ವರ ನನ್ನನ್ನು ಕೇಳಿಯೇ ಅರೆದ. ಖಾರ ಸಾಕೋ, ಇನ್ನೂ ಬೇಕೋ ಅಂತಲೂ ವಿಚಾರಿಸಿದ.

ಶಹಾಬಾದಿನಲ್ಲಿ ನಮ್ಮದು ಭಜನೆಯ ಮನೆ. ಅಪ್ಪ ಮಡಿವಾಳಯ್ಯ ಪದ ಕಲಿಸುವಾಗಲೇ ಕೆಲಸ ಹಂಚಿದ್ದರು. ಅಣ್ಣ ಹಾರ್ಮೋನಿಯಂ ಪೇಟಿ ಬಾರಿಸುತ್ತ ನುಡಿ ಹಾಡಬೇಕು, ಅವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನಾನು ಪಲ್ಲವಿ ಎತ್ತಬೇಕು. ಅಪ್ಪ ತೀರಿಕೊಂಡ ಮೇಲೂ ಹಾಗೆಯೇ ನಡೆದಿತ್ತು. ನನಗೆ ಬೇರೇನೂ ಬರುವುದಿಲ್ಲ, ಬೇಕಾಗಿಯೂ ಇರಲಿಲ್ಲ. ಒಮ್ಮೆ ಸೇಡಂನಲ್ಲಿ ಮುದುಕರೊಬ್ಬರು ಅಣ್ಣನ ಕೈ ಹಿಡಿದು, "ಪದ ನಿಂದಪಾ, ಜೀವ ಮಾತ್ರ ತಂಗೀದು" ಅಂದಾಗ ಅವನ ಮುಖ ಸಣ್ಣದಾಗಿತ್ತು. ನಾನು ನಕ್ಕು ಮರೆತುಬಿಟ್ಟೆ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅಣ್ಣ ಹೇಳಿದ: "ನಮ್ಮ ಬಷೀರಾ ಪುಣೆಕ್ಕ ಹೊಂಟಾನ. ತಬಲಾಕ್ಕ ಯಾರೂ ಇಲ್ಲ. ವಾಡಿ ಜಹಾಂಗೀರ ಹೈದರಾಬಾದದಿಂದ ಎರಡು ಮಿಷಿನ್ ತಂದಾನಂತ. ಒಮ್ಮೆ ತಬಲಾದ ಠೇಕಾ ತುಂಬಿಸಿದ್ರ, ಒತ್ತಿದಾಗೊಮ್ಮೆ ಅದನ್ನೇ ತಿರುಗಿ ತಿರುಗಿ ಬಾರಸ್ತದ. ನಿನ್ನ ಕಿವಿ ಭಾಳ ಚಲೋ ಅದ, ಆರಿಸಾಕ ನೀನೂ ಬಾ."

ಜಹಾಂಗೀರ ವಾಡಿ ಸ್ಟೇಷನ್ ಎದುರು ಮೈಕ್‌ಸೆಟ್ ಬಾಡಿಗೆ ಕೊಡುವವ. ಅವನ ಮೇಜಿನ ಮೇಲೆ ಹಸಿರೊಂದು ಕೆಂಪೊಂದು, ಟಿಫಿನ್ ಡಬ್ಬಿಯಷ್ಟು ಗಾತ್ರದವು.

"ತಬಲಾ ತಂದಿಲ್ಲಲ್ಲ, ನೀನೇ ಪಲ್ಲವಿ ಹಾಡು. ಪರೀಕ್ಷಾ ಮಾಡೂಣು" ಅಂದ ಅಣ್ಣ.

ಹಾಡಿದೆ. ಹಸಿರು ಡಬ್ಬಿ ನನ್ನ ದನಿಗೆ ತುಪ್ಪ ಸವರಿ ಕೊಟ್ಟಿತು. ಕೆಂಪು ತುಸು ಒರಟು, ಆದರೆ ನನ್ನ ಬಳೆ ಸದ್ದನ್ನೂ ಬಿಟ್ಟಿರಲಿಲ್ಲ.

"ಈಗ ನೋಡ್ರಿ ಅಕ್ಕಾ" ಅಂತ ಜಹಾಂಗೀರ ಎರಡರ ವೈರನ್ನೂ ಕಿತ್ತು ಮತ್ತೆ ಚುಚ್ಚಿದ. ಹಸಿರು ಎಲ್ಲ ಮರೆತು ಕೂತಿತ್ತು. ಕೆಂಪನ್ನು ಒತ್ತಿದ ಕೂಡಲೇ ನನ್ನ ದನಿ ಹೊರಟಿತು.

"ಕೆಂಪುದೇ ತಗೊ ಅಣ್ಣಾ. ನಮ್ಮ ಕಡಿ ಕರೆಂಟ್ ಯಾವಾಗ ಹೋಗ್ತದೋ ಏನೋ. ಮರಿಯೋ ಡಬ್ಬಿ ತಗೊಂಡು ಏನ್ ಮಾಡ್ತಿ?"

"ಖರೇ ಮಾತು" ಅಂದ. ಹೊರಡುವ ಮುಂಚೆ ಇನ್ನೊಮ್ಮೆ ಹಾಡಿಸಿದ. ಈ ಸಲ ಬಾಗಿಲು ಹಾಕಿಸಿ, ಫ್ಯಾನ್ ಆರಿಸಿ. ಅಷ್ಟಾದರೂ ನನ್ನ ತಲೆ ಓಡಲಿಲ್ಲ. ಒಡಹುಟ್ಟಿದವನಲ್ಲವೇ!

ಮುಂದಿನ ವಾರ ಚಿತ್ತಾಪುರದ ಮಠದಲ್ಲಿ ನಮ್ಮ ಭಜನೆಯಿತ್ತು. ಅದು ರದ್ದಾಯಿತು ಅಂದ, ನಂಬಿದೆ. ಆದರೆ ಆ ದಿನ ಮಧ್ಯಾಹ್ನ ಅಲ್ಲೇ ಇರುವ ಸೋದರತ್ತೆ ಅನಸುಬಾಯಿ ಫೋನ್ ಮಾಡಿದಳು: "ಭಾಗ್ಯಾ, ಸಂಜಿಕ ಭಜನಿ ಮುಗಿಸಿ ನಮ್ಮನಿಗೇ ಊಟಕ್ಕ ಬರ್ತಿಯಿಲ್ಲ?"

ಸಿಕ್ಕ ರೈಲು ಹತ್ತಿದೆ. ಮಠದ ಅಂಗಳದಲ್ಲಿ ಅತ್ತೆಯ ಪಕ್ಕ ಕೂರುವಾಗ ಅಣ್ಣ ಆಗಲೇ ಹಾಡುತ್ತಿದ್ದ. ಬಲಕ್ಕೆ ಬಷೀರಾ ತಬಲಾ ಹಿಡಿದು ಕೂತಿದ್ದ. ಪುಣೆಯಂತೆ ಪುಣೆ! ಎಡಕ್ಕೆ, ನಾನು ಕೂರುವ ಜಾಗದಲ್ಲಿ, ಕೆಂಪು ಡಬ್ಬಿ. ಅಣ್ಣ ಉಸಿರು ಎಳೆದುಕೊಂಡು ಎಡಗೈಯಿಂದ ಅದನ್ನು ಒತ್ತಿದ. ನನ್ನ ಪಲ್ಲವಿ ಬಳೆ ಸದ್ದಿನ ಸಮೇತ ಅಂಗಳ ತುಂಬಿತು.

ಅತ್ತೆ ನನ್ನ ಮುಚ್ಚಿದ ಬಾಯಿ ನೋಡಿದಳು, ಸ್ಪೀಕರ್ ನೋಡಿದಳು. "ಇದೇನವ್ವಾ?" ಅಂದಳು. ಕದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇವನು ನನ್ನ ದನಿಯನ್ನು ನನ್ನ ಕೈಯಿಂದಲೇ ಕೊಡಿಸಿಕೊಂಡಿದ್ದ.

ಅಷ್ಟರಲ್ಲಿ ಕರೆಂಟ್ ಹೋಯಿತು. ಡಬ್ಬಿಯ ಬಾಯಿ ಬಂದ್ ಆಯಿತು. ಕತ್ತಲಲ್ಲಿ ಅಣ್ಣ ನುಡಿ ಮುಗಿಸಿದ, ಮುಂದೆ ಪೇಟಿ ಒಂದೇ ಎಳೆಯತೊಡಗಿತು. ಬಾಯಿ ಬಿಡಬಾರದು ಅಂತ ಹಲ್ಲು ಕಚ್ಚಿದೆ. ಆದರೆ ಅದು ಅಪ್ಪನ ಪದ. ಪಲ್ಲವಿಯಿಲ್ಲದೆ ಅದು ಬೀಳುವುದನ್ನು ಕೇಳಲಾಗಲಿಲ್ಲ. ಕೂತಲ್ಲಿಂದಲೇ ಎತ್ತಿದೆ.

"ಭಾಗ್ಯಾ!" ಅಂದ ಅಣ್ಣ. "ಎತ್ತವ್ವಾ, ಎತ್ತು!"

ಬಷೀರಾನ ತಬಲಾ ಚಿಗುರಿತು. ಅಪ್ಪ ಇದ್ದಾಗಿನಂತೆಯೇ ಹಾಡಿದೆವು. ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು. ದೀಪ ಬರಲಿ, ಮೇಲಕ್ಕೆ ಕರೆಯುತ್ತಾನೆ ಅಂತ ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

ದೀಪ ಬಂತು. ಅಣ್ಣ ನುಡಿ ಮುಗಿಸಿ ನನ್ನತ್ತ ನೋಡಿದ. ನಾನು ಪಲ್ಲವಿ ಎತ್ತಿದೆ. ನನ್ನನ್ನು ನೋಡುತ್ತಲೇ ಅವನು ಎಡಗೈ ಚಾಚಿ ಡಬ್ಬಿ ಒತ್ತಿದ. ಬಷೀರಾ ತಲೆ ತಗ್ಗಿಸಿದ. ಕರೆಂಟ್ ಹೋದರೂ ಅದು ಏನನ್ನೂ ಮರೆತಿರಲಿಲ್ಲ. ನಾನು ಅಲ್ಲೇ ಬಾಯಿ ಮುಚ್ಚಿದೆ.

ಪಲ್ಲವಿ ನಡೆದೇ ಇತ್ತು. ನಾನು ನಿಲ್ಲಿಸಿದ್ದು ಅತ್ತೆಗೊಬ್ಬಳಿಗೆ ಬಿಟ್ಟು ಆ ಅಂಗಳದಲ್ಲಿ ಯಾರಿಗೂ ಗೊತ್ತಾಗಲಿಲ್ಲ.