ಗೆರೆ ದಾಟಿದ ನೀರು

ಗಾಜಿನ ಬೋಗುಣಿಯ ಹೊರಮೈ ಬೆವರಿತ್ತು. ವಿಜ್ಞಾನದ ಟೀಚರ್ ಅದನ್ನು ಕರವಸ್ತ್ರದಿಂದ ಒರೆಸಿ, ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದಳು. ಬೆಳಿಗ್ಗೆ ಕೆಂಪು ಮಾರ್ಕರಿನಲ್ಲಿ ಎಳೆದ ಗೆರೆ ಇದ್ದಲ್ಲೇ ಇತ್ತು. ನೀರೂ ಗೆರೆ ಬಿಟ್ಟು ಕದಲಿರಲಿಲ್ಲ. ಮನೆಯಿಂದ ಫ್ಲಾಸ್ಕಿನಲ್ಲಿ ತಂದು ತೇಲಿಬಿಟ್ಟಿದ್ದ ಐಸ್ ತುಂಡುಗಳು ಮಾತ್ರ ಹೇಳಹೆಸರಿಲ್ಲದಂತೆ ಕರಗಿಹೋಗಿದ್ದವು.

ಹೊರಗೆ ಬಿಡುವಿನ ಗದ್ದಲ. ಬಿಡುವು ಮುಗಿದ ಕೂಡಲೇ ಮುಖ್ಯೋಪಾಧ್ಯಾಯಿನಿ ಈ ಆರನೇ ತರಗತಿಗೆ ಬರುವವರಿದ್ದರು. "ಬರೀ ಬಾಯಿಪಾಠ ಸಾಕು, ಏನಾದ್ರೂ ಮಾಡಿ ತೋರಿಸಿ" ಎಂದವರು ಅವರೇ. ಧ್ರುವದ ಸಮುದ್ರದ ಮೇಲೆ ತೇಲುವ ಮಂಜುಗಡ್ಡೆ ವರ್ಷ ವರ್ಷವೂ ಕುಗ್ಗುತ್ತಿದೆ, ಅದು ಕರಗಿದರೆ ಸಮುದ್ರ ಏರುತ್ತದೆ, ದಡದ ಊರುಗಳು ಮುಳುಗುತ್ತವೆ. ಈ ಪಾಠವನ್ನು ಅವಳು ಎಷ್ಟೋ ವರ್ಷಗಳಿಂದ ನೀರು ಕುಡಿದಂತೆ ಮಾಡುತ್ತ ಬಂದಿದ್ದಳು. ಮಾಡಿ ತೋರಿಸಿದ್ದು ಮಾತ್ರ ಇದೇ ಮೊದಲು.

ಬೆಳಿಗ್ಗೆ ಗೆರೆ ಎಳೆಯುವಾಗ ಒಬ್ಬ ಹುಡುಗಿ ಎದ್ದು ನಿಂತಿದ್ದಳು. ಎಲ್ಲದಕ್ಕೂ ವಾದ ಹೂಡುವ ಅವಳನ್ನು ತರಗತಿಯೆಲ್ಲ ಕರೆಯುತ್ತಿದ್ದುದೇ ಲಾಯರಮ್ಮ ಎಂದು.

"ಮಿಸ್, ನೀರು ಏರಲ್ಲ."

"ಯಾಕಮ್ಮ ಏರಲ್ಲ?"

"ಜ್ಯೂಸಲ್ಲಿ ಐಸ್ ಕರಗಿದ್ರೆ ಜ್ಯೂಸ್ ಚೆಲ್ಲಲ್ಲ. ನಾನು ನೋಡಿದೀನಿ."

"ಕರಗೋ ತನಕ ನೀನೆಲ್ಲಿ ಬಿಡ್ತೀಯೇ? ಒಂದೇ ಗುಟುಕಿಗೆ ಹೀರಿಬಿಡ್ತೀಯ!" ಎಂದಿತು ಹಿಂದಿನ ಬೆಂಚಿನಿಂದೊಂದು ದನಿ. ತರಗತಿ ಗೊಳ್ಳೆಂದಿತ್ತು. ಟೀಚರೂ ನಕ್ಕಿದ್ದಳು. "ಆಯ್ತು ಲಾಯರಮ್ಮ, ನೀರೇ ತೀರ್ಪು ಕೊಡಲಿ."

ನೀರು ಈಗ ತೀರ್ಪು ಕೊಟ್ಟಾಗಿತ್ತು. ಟೀಚರ್ ಅದನ್ನು ನಂಬಲಿಲ್ಲ. ಐಸು ಸಾಲದಾಯಿತೇನೋ, ಒಂಚೂರು ನೀರು ಆವಿಯಾಗಿರಬೇಕು ಎಂದುಕೊಂಡಳು. ಇಷ್ಟು ವರ್ಷ ಮಾಡಿದ ಪಾಠ ಸುಳ್ಳಾಗುವುದುಂಟೇ? ಬೆಲ್ ಹೊಡೆಯಿತು. ಯೋಚಿಸಲು ಪುರುಸೊತ್ತಿಲ್ಲದೆ ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದು ಬೋಗುಣಿಗೆ ಒಂದಿಷ್ಟು ಸುರಿದಳು. ನೀರು ಗೆರೆ ದಾಟಿ ಒಂದು ಬೆರಳಿನಷ್ಟು ಮೇಲೇರಿತು.

"ಲಾಯರಮ್ಮ ಕೇಸು ಸೋತ್ಲು! ಸೋತ್ಲು!" ಒಳಬಂದ ಮಕ್ಕಳು ಬೆಂಚು ಬಡಿದರು. ಹಿಂದೆಯೇ ಬಂದ ಮುಖ್ಯೋಪಾಧ್ಯಾಯಿನಿಗೆ ಖುಷಿಯೋ ಖುಷಿ. "ನೋಡಿದ್ರಾ ಮಕ್ಕಳೇ, ಕಣ್ಣಾರೆ ಕಂಡಿದ್ದು ಯಾವತ್ತೂ ಮರೆಯಲ್ಲ."

ಹುಡುಗಿ ಮಾತ್ರ ಬೋಗುಣಿಯ ಹತ್ತಿರ ಬಗ್ಗಿ ನಿಂತಿದ್ದಳು. "ಮಿಸ್, ನಾನು ಆಚೆ ಹೋಗೋವಾಗ ನೋಡಿದ್ದೆ. ಐಸ್ ಪೂರ್ತಿ ಕರಗಿತ್ತು. ನೀರು ಗೆರೇಲೇ ಇತ್ತು."

ಮುಖ್ಯೋಪಾಧ್ಯಾಯಿನಿ ಟೀಚರ್ ಕಡೆ ತಿರುಗಿದರು.

"ನಿಂಗೆ ಸರಿಯಾಗಿ ಕಂಡಿಲ್ಲ ಪುಟ್ಟಾ" ಎಂದಳು ಟೀಚರ್, ಮೆತ್ತಗಿನ ದನಿಯಲ್ಲಿ. "ನಿನ್ನ ಕಣ್ಣು ಮೋಸ ಮಾಡಿದೆ."

ಹುಡುಗಿ ಕಣ್ಣುಜ್ಜಿಕೊಳ್ಳುತ್ತ ಹೋಗಿ ಕೂತಳು.

ಸಂಜೆ ಅಡುಗೆಮನೆಯ ಕಟ್ಟೆಗೊರಗಿ, ಮುಂದಿನ ಪಾಠಕ್ಕೆ ಹಿಮಕರಡಿಯ ಚಿತ್ರ ಬೇಕೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದವಳನ್ನು ಒಂದು ಸಾಲು ಹಿಡಿದು ನಿಲ್ಲಿಸಿತು. ತೇಲುವ ಮಂಜುಗಡ್ಡೆ ತನ್ನ ತೂಕದಷ್ಟು ನೀರನ್ನು ಮೊದಲೇ ಪಕ್ಕಕ್ಕೆ ತಳ್ಳಿರುತ್ತದಂತೆ. ಕರಗಿದರೆ ಹೆಚ್ಚುಕಡಿಮೆ ಆ ಜಾಗವನ್ನೇ ತುಂಬುತ್ತದೆ, ಅಷ್ಟೇ. ಸಮುದ್ರ ಏರುವುದು ನೆಲದ ಮೇಲಿನ ಹಿಮ ಕರಗಿ ಹರಿದು ಬಂದಾಗ, ನೀರು ಕಾದು ಹಿಗ್ಗಿದಾಗ. ತೇಲುವ ಮಂಜು ಹೋದರೆ ಆಗುವ ಕೇಡೇ ಬೇರೆ. ಅದರ ಅಡಿಮೈಗೆ ಅಂಟಿ ಬೆಳೆಯುವ ಪಾಚಿ ಹೋಗುತ್ತದೆ. ಪಾಚಿಯನ್ನು ನಂಬಿದ ಪುಟಾಣಿ ಜೀವಿಗಳು, ಅವನ್ನು ನಂಬಿದ ಮೀನು, ಮೀನು ತಿಂದು ಮಂಜಿನ ಮೇಲೆ ಮರಿ ಹಾಕುವ ಸೀಲ್, ಸೀಲನ್ನೇ ನೆಚ್ಚಿಕೊಂಡ ಕರಡಿ, ಎಲ್ಲಕ್ಕೂ ಸಂಚಕಾರ. ಬಿಳಿ ಹೊದಿಕೆ ಸರಿದಲ್ಲಿ ಕಪ್ಪು ನೀರು ಬಿಸಿಲು ಹೀರಿ ಇನ್ನಷ್ಟು ಕಾಯುತ್ತದೆ. ಇಷ್ಟು ವರ್ಷ ಅವಳು ಈ ಅಸಲು ಕಥೆಯನ್ನು ಹೇಳಿಯೇ ಇರಲಿಲ್ಲ.

ಸ್ಟೀಲ್ ಲೋಟಕ್ಕೆ ಐಸ್ ಹಾಕಿ, ಅಂಚಿನವರೆಗೂ ನೀರು ತುಂಬಿ, ಎದುರಿಗೆ ಕೂತಳು.

"ಏನೇ ಇದು ತಪಸ್ಸು?" ಎಂದ ಗಂಡ, ಒಳಗೆ ಬಂದವನು. "ಲೋಟ ವರ ಕೊಡುತ್ತಾ?"

"ಬೈತಿದೆ."

"ಬೈಲಿ ಬಿಡು. ನಂಗಂತೂ ಧೈರ್ಯ ಇಲ್ಲ, ಅದಕ್ಕಾದ್ರೂ ಇರಲಿ."

ಐಸ್ ಕರಗಿತು. ಒಂದು ತೊಟ್ಟೂ ಚೆಲ್ಲಲಿಲ್ಲ. ಮುಂದಿನ ವರ್ಷ ಸರಿಯಾಗಿ ಹೇಳಿದರಾಯಿತು, ಯಾರ ಗಂಟು ಹೋಯಿತು ಎಂದು ಸಮಾಧಾನ ಮಾಡಿಕೊಂಡು ಲೋಟ ತೊಳೆದಿಟ್ಟಳು.

ಮರುದಿನ ಕರಡಿಯ ಪಾಠ ಮಾಡಿದಳು. ಪಾಚಿ, ಮೀನು, ಸೀಲ್ ಎಲ್ಲ ಬಂದವು, ಬೋಗುಣಿಯ ಸುದ್ದಿ ಬರಲಿಲ್ಲ. ಲಾಯರಮ್ಮ ಒಂದು ಸಲವೂ ಕೈ ಎತ್ತಲಿಲ್ಲ. ಟೀಚರೇ ಅವಳನ್ನು ಎಬ್ಬಿಸಿ, ಚಿತ್ರದಲ್ಲಿ ಎಷ್ಟು ಮರಿ ಇವೆ ಎಂದು ಕೇಳಿದಳು. ಹುಡುಗಿ ಚಿತ್ರ ನೋಡಿದಳು. ಆಮೇಲೆ ಪಕ್ಕದವಳ ಮುಖ ನೋಡಿದಳು.

"ಎರಡು... ಅಲ್ವೇನೇ?" ಎಂದು ಅವಳನ್ನೇ ಕೇಳಿದಳು.

ವಾರ ಕಳೆದಿರಬೇಕು. ಸಂಜೆ ಗೇಟಿನ ಬಳಿ ಹುಡುಗಿಯ ತಾಯಿ ಕಾದಿದ್ದಳು. ಹೊಲಿಗೆ ಅಂಗಡಿಯವಳು, ಅಳತೆ ಟೇಪು ಕೊರಳಲ್ಲೇ ಇತ್ತು.

"ನೀವು ಹೇಳಿದ್ದು ಒಳ್ಳೇದಾಯ್ತು ಮಿಸ್. ಕಣ್ಣಿನ ಡಾಕ್ಟರಿಗೆ ತೋರಿಸ್ಕೊಂಡು ಬಂದೆ."

"ಏನಂದ್ರು?"

"ಏನೂ ಇಲ್ಲ, ಹದ್ದಿನ ಕಣ್ಣು ಅಂದ್ರು. ಇವಳು ಒಪ್ಪಬೇಕಲ್ಲ! ಡಾಕ್ಟರಿಗೇನು ಗೊತ್ತು, ನಮ್ ಮಿಸ್ಸೇ ಹೇಳಿದಾರೆ ಅಂತಾಳೆ. ಕನ್ನಡಕ ಬೇಕಂತೆ. ಸೂಜಿಗೆ ದಾರ ಪೋಣಿಸ್ಕೊಡೇ ಅಂದ್ರೆ, ನಂಗೆ ಕಾಣಲ್ಲಮ್ಮ ಅಂತಾಳೆ. ಮೊದಲು ಕರೆಂಟ್ ಹೋದ್ರೂ ಪೋಣಿಸೋಳು."

ಮಾತು ಟೀಚರ್‌ನ ನಾಲಿಗೆ ತುದಿಯವರೆಗೆ ಬಂದು ನಿಂತಿತು. "ನಾನು... ನಾನು ನೋಡ್ಕೋತೀನಿ" ಎಂದಷ್ಟೇ ಹೇಳಿದಳು.

"ನೀವಿದೀರಲ್ಲ, ನಂಗ್ಯಾಕೆ ಚಿಂತೆ" ಎಂದು ತಾಯಿ ಕೈಮುಗಿದು ಹೋದಳು. ಆ ನಮಸ್ಕಾರ ಕಪಾಳಕ್ಕೆ ಹೊಡೆದಂತಿತ್ತು.

ಚೀಲ ಮರೆತಿದ್ದರಿಂದ ಟೀಚರ್ ಸ್ಟಾಫ್ ರೂಮಿಗೆ ವಾಪಸು ಬಂದಳು. ಗಣಿತದ ಮೇಷ್ಟ್ರು ಒಬ್ಬರೇ ಪೇಪರು ತಿದ್ದುತ್ತ ಕೂತಿದ್ದರು.

"ಏನು ತಾಯಿ, ನಿಮ್ಮ ಬೋಗುಣಿಗೆ ರಾಜಯೋಗ! ಪೋಷಕರ ಸಭೇಲಿ ಆ ಪ್ರಯೋಗ ಮತ್ತೆ ಮಾಡಿಸ್ತಾರಂತೆ ಹೆಡ್ ಮಿಸ್. ನನ್ನ ಭಿನ್ನರಾಶಿ ಕಡೆ ಯಾರೂ ತಿರುಗಿ ನೋಡಲ್ಲ."

ಅವಳು ನಕ್ಕಂತೆ ಮಾಡಿ ಕುರ್ಚಿಯಲ್ಲಿ ಕುಸಿದಳು. ಪೋಷಕರ ಸಭೆಯವರೆಗೆ ಕಾಯುವಂತಿಲ್ಲ. ನಾಳೆ ಬೆಳಿಗ್ಗೆಯೇ ಮತ್ತೊಮ್ಮೆ ಮಾಡಬೇಕು. ಗೆರೆಯನ್ನು ಆ ಹುಡುಗಿಯೇ ಎಳೆಯಲಿ, ಐಸ್ ಕರಗುವ ತನಕ ಅವಳೇ ಕಾವಲು ಕೂರಲಿ. ಆದರೆ ಅಷ್ಟು ಸಾಲದು. ಮತ್ತೆ ಮಾಡಿ ತೋರಿಸಿದರೆ ಪಾಠ ಸರಿಹೋದೀತು, ಆ ಮಗು ಕಳೆದುಕೊಂಡದ್ದು ವಾಪಸು ಬಾರದು. ಐಸ್ ಮುಟ್ಟುವ ಮೊದಲೇ ಅಷ್ಟೂ ಮಕ್ಕಳ ಮುಂದೆ ಬಾಯಿಬಿಟ್ಟು ಹೇಳಬೇಕು: ಅವತ್ತು ನೀರು ಸುರಿದದ್ದು ನಾನು, ಅವಳಿಗೆ ಕಂಡದ್ದೇ ಸರಿ.

"ಯಾಕೆ ಮಂಕಾಗಿದೀರಿ?" ಎಂದರು ಮೇಷ್ಟ್ರು, ಕನ್ನಡಕದ ಮೇಲಿಂದ ನೋಡುತ್ತ.

ಹೇಳಿಕೊಂಡರೆ ಅವರು, ಮಕ್ಕಳ ಮುಂದೆ ಯಾಕೆ ಸಣ್ಣವರಾಗ್ತೀರಿ, ಬಿಡಿ ಎನ್ನುತ್ತಾರೆ. ಮನೆಯಲ್ಲಿ ಗಂಡನೂ ಅದನ್ನೇ ಹೇಳುತ್ತಾನೆ. ಆ ಒಂದು ಮಾತು ಕೇಳಲು ತನಗೆಷ್ಟು ಆಸೆಯಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸುಸ್ತು, ಮೇಷ್ಟ್ರೇ" ಎಂದು ಚೀಲ ಹೆಗಲಿಗೇರಿಸಿ, ನಾಳೆಗೆ ಐಸ್ ಇಡಲು ಮನೆಗೆ ಹೊರಟಳು.