ಏಳು ಸಾವಿರ ಸುತ್ತು

ಅವನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಹಗಲೆಲ್ಲ ಕಂಡವರ ಬಾಯಿಗೆ ಹಲ್ಲು ಕೂರಿಸುವ ಕೆಲಸವಾದರೆ, ಸಂಜೆ ಮನೆಯ ಹಿಂದಿನ ಕೋಣೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಟ್ಟುವ ಹುಚ್ಚು. “ಈ ಮನೇಲಿ ಒಂದು ಕುರ್ಚಿ ಅಲ್ಲಾಡಿದ್ರೆ ಸಾಕು, ಮಾರನೇ ದಿನ ಅದಕ್ಕೆ ತಂತಿ ಕಟ್ಟಿರ್ತಾರೆ” ಎಂದು ಹೆಂಡತಿ ನಗುತ್ತಿದ್ದಳು.

ಮರದ ಕೆಲಸ ಅವನಿಗೆ ನೀರು ಕುಡಿದಷ್ಟು ಸುಲಭ. ಕೈಗೆ ಹತ್ತದೆ ಸತಾಯಿಸಿದ್ದು ಪಿಕಪ್ ಒಂದೇ. ಗಿಟಾರಿನ ತಂತಿಗಳ ಕೆಳಗೆ ಕೂತು, ಅವುಗಳ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಅಂಗೈ ಗಾತ್ರದ ಭಾಗ ಅದು. ಆರು ಅಯಸ್ಕಾಂತದ ಕಡ್ಡಿಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಏಳು ಸಾವಿರ ಸುತ್ತು ಸುತ್ತಬೇಕು. ಬಿಗಿ ಹೆಚ್ಚಾದರೆ ತಂತಿ ತುಂಡಾಗುತ್ತದೆ, ಸಡಿಲವಾದರೆ ಗಿಟಾರ್ ಕಿರುಚುತ್ತದೆ. ಹೊಲಿಗೆ ಯಂತ್ರದ ಮೋಟಾರಿನಿಂದ ಅವನೇ ಒಂದು ಯಂತ್ರ ಮಾಡಿಕೊಂಡಿದ್ದ. ಎರಡು ಸಾವಿರ ದಾಟುವ ಹೊತ್ತಿಗೆ ತಂತಿ ಟಪ್ಪೆಂದು ಕಡಿಯುತ್ತಿತ್ತು. ಬೇರೆಯವರ ಹಲ್ಲು ಮಾಡುವವನು ತನ್ನ ಹಲ್ಲು ಕಡಿಯುತ್ತ ಕೂರುತ್ತಿದ್ದ.

ಆ ವರ್ಷ ಅವನ ಅತ್ತೆ, ಹೆಂಡತಿಯ ತಾಯಿ, ಇವರ ಮನೆಗೆ ಬಂದು ನೆಲೆಸಿದ್ದರು. ಇಪ್ಪತ್ತಾರು ವರ್ಷ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತಿ ನಿವೃತ್ತರಾದವರು. ಒಂದು ಸಂಜೆ ಚಹಾ ತಂದಿಟ್ಟು ಅವನ ಪಾಡನ್ನೇ ನೋಡುತ್ತ ನಿಂತರು.

“ಅಳಿಯಂದಿರೇ, ತಂತೀನ ಎಳೀಬೇಡಿ. ಅದು ಹೋದ ಕಡೆ ಕೈ ಹೋಗ್ಲಿ. ಸ್ವಲ್ಪ ಏಳಿ ನೋಡೋಣ.”

ಸ್ಟೂಲಿನ ಮೇಲೆ ಕೂತು, ತಾವೇ ಕಾರ್ಖಾನೆಯಿಂದ ಬರುವಾಗ ತಂದಿದ್ದ ತಂತಿಯ ಉರುಳೆ ಹಾಕಿಕೊಂಡು, ಎರಡು ಬೆರಳ ನಡುವೆ ತಂತಿ ಬಿಡುತ್ತಾ ಹೋದರು. ಕಣ್ಣು ಎಲ್ಲೋ, ಕಿವಿ ಮೋಟಾರಿನ ಸದ್ದಿನ ಮೇಲೆ. ಏಳು ಸಾವಿರ ಸುತ್ತು ಒಂದೇ ಉಸಿರಿಗೆ ಮುಗಿದವು. ಪಿಕಪ್ ಕೂರಿಸಿ ನುಡಿಸಿದರೆ ಗಿಟಾರಿನ ದನಿ ಎದೆಗೆ ಬಂದು ತಾಗಿತು. ಅವನು ಮಗುವಿನ ಹಾಗೆ ಕುಣಿದ.

“ನಾನು ಸುತ್ತಿದ್ದು ಯಾವುದೂ ಇಷ್ಟು ದಿನ ಹಾಡಿರಲಿಲ್ಲ ಬಿಡಿ, ಬರೀ ಗುಂಯ್ ಅಂತಿತ್ತು” ಎಂದು ಅತ್ತೆ ನಕ್ಕರು.

ಮುಂದಿನ ತಿಂಗಳು ಹವ್ಯಾಸಿಗಳ ಬಳಗ ಶಾಲೆಯೊಂದರ ಸಭಾಂಗಣದಲ್ಲಿ ಪ್ರದರ್ಶನ ಇಟ್ಟಿತು. ತಾವೂ ಬರುವುದಾಗಿ ಹೇಳಿ ಅತ್ತೆ ಬೆಳಿಗ್ಗೆಯೇ ತಲೆ ಬಾಚಿ ಕೂತಿದ್ದರು. ಅಲ್ಲಿ ಎಲ್ಲರೂ ‘ಗಡ್ಡ’ ಎಂದು ಕರೆಯುವ ಒಬ್ಬ ವಾದಕ ಅವನ ಗಿಟಾರ್ ಎತ್ತಿಕೊಂಡು ನಾಲ್ಕು ಸ್ವರ ನುಡಿಸಿದ. ಸುತ್ತಲಿನ ಗಲಾಟೆ ತಣ್ಣಗಾಯಿತು.

“ಈ ಪಿಕಪ್ ಸುತ್ತಿದ್ದು ಯಾರು?”

“ನಾನೇ” ಎಂದ ಅವನು. ಮಾತು ಬಾಯಿಂದ ಜಾರಿ ಬಿದ್ದಿತ್ತು. ಹೆಕ್ಕಿಕೊಳ್ಳಲು ಇನ್ನೂ ಸಮಯವಿತ್ತು. ಹೆಕ್ಕಿಕೊಳ್ಳಲಿಲ್ಲ.

“ಇವರು?” ಎರಡು ಹೆಜ್ಜೆ ಹಿಂದೆ, ಅವನ ಚೀಲ ಹಿಡಿದು ನಿಂತಿದ್ದವರನ್ನು ಗಡ್ಡ ನೋಡಿದ.

“ನಮ್ಮತ್ತೆ. ಸುಮ್ನೆ ನೋಡೋಕೆ ಬಂದಿದ್ದಾರೆ.”

“ಹೌದು, ನೋಡೋಕೆ ಬಂದೆ” ಎಂದರು ಅತ್ತೆ.

ಕೆಟ್ಟದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಸುತ್ತುವುದನ್ನು ತೋರಿಸಿ ಎಂದು ಜನ ಮುಗಿಬಿದ್ದರು. ಯಂತ್ರ ಅಲ್ಲೇ ಮೇಜಿನ ಮೇಲಿತ್ತು, ನೆಪ ಹೇಳುವಂತಿರಲಿಲ್ಲ. ಒಂದು ಸಲ ತಂತಿ ಕಡಿಯಿತು. ಎರಡು ಸಲ, ಮೂರು ಸಲ. ಬೆವರು ಒರೆಸಿಕೊಂಡು ಅವನೆಂದ: “ತಂತಿ ಸರಿ ಇಲ್ಲ. ಹಳೇ ಮಾಲು.” ಜನ ಹೂಂಗುಟ್ಟಿ ಚದುರಿದರು. ಅತ್ತೆ ಮುಂದೆ ಬಂದು ತಮ್ಮ ಉರುಳೆಯನ್ನು ಕಳಚಿ, ಸೆರಗಿನ ತುದಿಯಿಂದ ಒರೆಸಿ ಚೀಲಕ್ಕಿಟ್ಟುಕೊಂಡರು.

ಬಸ್ಸಿನಲ್ಲಿ ಇಬ್ಬರೂ ಕಿಟಕಿಯಾಚೆಯೇ ನೋಡಿದರು. ಮನೆಯಲ್ಲಿ ಹೆಂಡತಿ “ಹೇಗಾಯ್ತಮ್ಮಾ?” ಎಂದರೆ, “ಎಲ್ರೂ ಮೆಚ್ಚಿದ್ರು ಕಣೇ” ಎಂದು ಅತ್ತೆ ಒಳಗೆ ಹೋದರು. ಅವರು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಆಮೇಲೆ ಅತ್ತೆ ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಉಳಿದಂತೆ ಎಲ್ಲ ಎಂದಿನ ಹಾಗೇ: ಊಟ ಆಯ್ತಾ, ಬಾಗಿಲು ಹಾಕಿದ್ರಾ. ಒಂದು ದಿನ ಊಟದ ಹೊತ್ತಿಗೆ ಹೆಂಡತಿ, ತಾನು ಮಾಡಿದ ಕೆಲಸವನ್ನು ಆಫೀಸಿನಲ್ಲಿ ಯಾರೋ ತಮ್ಮದೆಂದು ಹೇಳಿಕೊಂಡರೆಂದು ಸಿಡುಕಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಆ ರಾತ್ರಿ ಹೆಂಡತಿಗೆ ಎಲ್ಲ ಹೇಳಿದ. ಅವಳು “ನನ್ನ ಹತ್ರ ಹೇಳಿದ್ರೆ ಏನು ಬಂತು?” ಎಂದು ಮಗ್ಗುಲಾದಳು.

ಹೇಳಬೇಕಾದ ಕಡೆ ಹೇಳಲು ಅವನಿಗೆ ಇನ್ನೂ ಒಂಬತ್ತು ದಿನ ಬೇಕಾಯಿತು. ಅದೂ ಗಡ್ಡ ತಾನೇ ಮನೆ ಹುಡುಕಿಕೊಂಡು ಬಂದಾಗ. ಅಂಥದೇ ಇನ್ನೊಂದು ಪಿಕಪ್ ಬೇಕಿತ್ತು ಗಡ್ಡನಿಗೆ. ಅತ್ತೆ ಅಲ್ಲೇ ಬಟಾಣಿ ಸುಲಿಯುತ್ತ ಕೂತಿದ್ದರು.

“ಅದು ನಾನು ಸುತ್ತಿದ್ದಲ್ಲ” ಎಂದ ಅವನು, ನೆಲ ನೋಡುತ್ತ. “ಇವರು. ಅವತ್ತು ನಾನು ಸುಳ್ಳು ಹೇಳಿದೆ. ತಂತಿನೂ ಚೆನ್ನಾಗೇ ಇತ್ತು. ನನ್ನ ಕೈ ಸರಿ ಇರಲಿಲ್ಲ.”

ಗಡ್ಡ ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿಕೊಂಡು, ಹೋಗುವವರೆಗೂ ಅವರೊಂದಿಗೇ ಮಾತಾಡಿದ. ಅತ್ತೆ ಮೊದಲು ತಡವರಿಸಿದರು, ಆಮೇಲೆ ಬಟಾಣಿ ಬುಟ್ಟಿ ಪಕ್ಕಕ್ಕಿಟ್ಟು ಗಾಳಿಯಲ್ಲೇ ಸುತ್ತಿ ತೋರಿಸಿದರು.

ಗಡ್ಡ ಹೋದ ಮೇಲೆ ಅಳಿಯ, “ಅತ್ತೆ, ತಪ್ಪಾಯ್ತು” ಎಂದ.

“ನೀವೇ ಸುತ್ತಿದ್ದು ಅಂದಿದ್ದು ಹೋಗ್ಲಿ, ಅಳಿಯಂದಿರೇ. ಹೆಸರು ಕಟ್ಟಿಕೊಂಡು ನನಗೇನಾಗಬೇಕು? ಆದ್ರೆ ತಂತಿ ಸರಿ ಇಲ್ಲ ಅಂದ್ರಲ್ಲ...” ಅತ್ತೆಯ ದನಿ ಒಡೆಯಿತು. “ಅಂಥ ತಂತಿ ಸುತ್ತೇ ನಾನು ನಿಮ್ಮ ಹೆಂಡತೀನ ಸಾಕಿದ್ದು.”

ಭಾನುವಾರ ಬಳಗದ ಕೂಟದಲ್ಲಿ ಅವನು ಎದ್ದು ನಿಂತು ಎಲ್ಲರೆದುರೂ ನಡೆದದ್ದು ಹೇಳಿದ. ಕೆಲವರು ನಕ್ಕರು, ಕೆಲವರು ಫೋನು ನೋಡಿಕೊಂಡರು, ಅದು ಇನ್ನೂ ಕಷ್ಟವಾಯಿತು. ಅಂದಿನಿಂದ ಅಲ್ಲಿ ಅವನ ಹೆಸರು ‘ಅತ್ತೆಯ ಅಳಿಯ’.

ಈಗ ತಿಂಗಳಿಗೊಮ್ಮೆ ಅತ್ತೆ ಅಲ್ಲಿಗೆ ಹೋಗಿ ಸುತ್ತುವುದು ಕಲಿಸುತ್ತಾರೆ. ಯಂತ್ರ ಹೊರುವುದು ಅವನ ಪಾಲಿನ ಕೆಲಸ. ಹೊಸಬರು ಯಾರಾದರೂ “ನೀವೂ ಸುತ್ತುತ್ತೀರಾ ಸರ್?” ಎಂದರೆ, “ಇಲ್ಲ, ನನಗೆ ಬರಲ್ಲ” ಎನ್ನುತ್ತಾನೆ. ಎಷ್ಟು ಸಲ ಹೇಳಿದರೂ ಕಿವಿ ಬಿಸಿಯಾಗುವುದು ತಪ್ಪಿಲ್ಲ.